ಕುಡಿ ಎಂಬ ಕ್ರಿಯಾಪದ

ನೆನೆದ ಕಂಬಳಿಯ ವಾಸನೆಯನ್ನು ಹೇಳಲು ಕನ್ನಡದಲ್ಲಿ ಸರಿಯಾದ ಒಂದು ಪದವಿಲ್ಲವೆಂಬುದು ಇಂದು ಬೆಳಿಗ್ಗೆ ನನ್ನ ಗಮನಕ್ಕೆ ಬಂದಿತು. ‘ಕಮಟು’ ಎಂದರೆ ಅದರೊಳಗಿನ ಬೆಚ್ಚನೆಯ ಅಂಶ ಬಿಟ್ಟುಹೋಗುತ್ತದೆ. ‘ಘಮ’ ಎಂದರೆ ಸುಳ್ಳಾಗುತ್ತದೆ. ಕಂಬಳಿ ಹೊದ್ದ ವಯಸ್ಸಾದ ಹೆಂಗಸೊಬ್ಬಳು ಮಳೆ ನಿಲ್ಲಲೆಂದು ನಮ್ಮ ಜಗಲಿಯ ಮೇಲೆ ಕುಳಿತಿದ್ದಳು. ನಾನು ಬಾಗಿಲಲ್ಲಿ ನಿಂತು ಪದ ಹುಡುಕುತ್ತಿದ್ದೆ.

“ಏನ್ರೀ ಅದು, ಮೂಗು ಅರಳಿಸ್ಕೊಂಡು ನಿಂತಿದ್ದೀರಿ? ಒಳಗೆ ಬನ್ನಿ, ಕಾಫಿ ಆರ್ತಿದೆ,” ಎಂದಳು ನನ್ನ ಹೆಂಡತಿ.

ಕಾಫಿ ಆರಿತು. ಓದುಗ ಮಿತ್ರರೇ, ಅದು ಆರಿದ್ದು ಏಕೆಂಬುದನ್ನು ನಿಮಗೆ ಹೇಳಬೇಕು. ನನ್ನ ಮಾನ ಸ್ವಲ್ಪ ಹೋಗುವ ವಿಷಯ. ಆದರೆ ಪಾಠ ಹೇಳುವ ಕೆಲಸ ಬಿಟ್ಟವನಿಗೆ ಕಾಪಾಡಿಕೊಳ್ಳಬೇಕಾದ ಮಾನ ಅಷ್ಟೇನೂ ಉಳಿದಿರುವುದಿಲ್ಲ.

ಮೂವತ್ತರ ದಶಕದ ನಡುವಿನ ಮಾತು. ಆಗ ನಾನು ಮಾಲೂರಿನ ಶಾಲೆಯೊಂದರಲ್ಲಿ ಕನ್ನಡ ಪಂಡಿತ. ಮಕ್ಕಳು ಕಾಲು ಮುರಿದುಕೊಂಡು ಬಂದು ನಿಂತರೂ ಮೊದಲು ಅವರ ವಾಕ್ಯವನ್ನು ತಿದ್ದಿ, ಆಮೇಲೆ ಕಾಲನ್ನು ನೋಡುವಂಥವನು. ಆ ವರ್ಷದ ದಸರಾ ರಜೆಯಲ್ಲಿ ನಾವು ಮೂವರು ಉಪಾಧ್ಯಾಯರು ಕಾಲ್ನಡಿಗೆಯಲ್ಲಿ ಕೋಲಾರದ ಬೆಟ್ಟಗಳನ್ನು ಹತ್ತಿ, ಮುಳಬಾಗಿಲು ಮುಟ್ಟಿ, ಆವನಿಯ ಬೆಟ್ಟವನ್ನೂ ನೋಡಿ ಬರುವುದೆಂದು ತೀರ್ಮಾನಿಸಿದೆವು. ‘ತೀರ್ಮಾನಿಸಿದೆವು’ ಎಂಬಲ್ಲಿ ಬಹುವಚನ ಕೇವಲ ಗೌರವಾರ್ಥ, ತೀರ್ಮಾನಿಸಿದವನು ನಾನೊಬ್ಬನೇ.

ಉಳಿದ ಇಬ್ಬರಲ್ಲಿ ಡ್ರಿಲ್ ಮೇಷ್ಟ್ರು ಮುನಿಸ್ವಾಮಿಯವರದು ಆರಡಿ ಎತ್ತರದ ಮೈ, ಮನೆಮಾತು ತೆಲುಗು. ಡ್ರಾಯಿಂಗ್ ಮೇಷ್ಟ್ರು ಶಾಮಣ್ಣನವರು ನಮ್ಮಿಬ್ಬರಿಗಿಂತ ಹಿರಿಯರು, ದಮ್ಮಿನ ಕಾಯಿಲೆಯವರು. ಹೊರಡುವಾಗ ಅವರ ಹೆಂಡತಿ ನನ್ನನ್ನೇ ಕರೆದು, “ಇವರನ್ನ ನೆನೆಯೋಕೆ ಮಾತ್ರ ಬಿಡಬೇಡಿ ಪಂಡಿತರೇ. ಹೋದ ಸಲ ನೆನೆದು ದಮ್ಮು ಬಂದಾಗ ನಾವು ಆಸೇನೇ ಬಿಟ್ಟಿದ್ವಿ,” ಎಂದಿದ್ದರು. “ನಿಶ್ಚಿಂತರಾಗಿರಿ,” ಎಂದು ನಾನು ಭರವಸೆ ಕೊಟ್ಟಿದ್ದೆ.

ಪ್ರವಾಸಕ್ಕೆ ನಾನು ಹನ್ನೆರಡು ನಿಯಮಗಳನ್ನು ಬರೆದು, ಪ್ರತಿ ತೆಗೆದು ಹಂಚಿದ್ದೆ. ಕೊಡೆಯ ವಿಷಯವಾಗಿ ಅದರಲ್ಲಿ ಏನೂ ಇರಲಿಲ್ಲ. ಏಳನೆಯ ನಿಯಮ ಮಾತ್ರ ನನಗೆ ಬಹಳ ಪ್ರಿಯವಾದದ್ದು: ಶುದ್ಧ ಕನ್ನಡವಲ್ಲದೆ ಬೇರೆ ಭಾಷೆಯ ಮಾತನ್ನು ಆಡಕೂಡದು, ಆಡಿದವರು ದಂಡವಾಗಿ ಎದುರಿಗೆ ಕಂಡ ಒಂದು ವಸ್ತುವಿನ ಹೆಸರನ್ನು ಏಳು ವಿಭಕ್ತಿಗಳಲ್ಲಿ ಹೇಳತಕ್ಕದ್ದು.

ಮೊದಲ ಎರಡು ದಿನ ಬಿಸಿಲಿತ್ತು. ಮೂರನೆಯ ದಿನ ನಾವು ಆವನಿಯ ಬೆಟ್ಟದ ಬುಡಕ್ಕೆ ಬರುವ ಹೊತ್ತಿಗೆ ಮದರಾಸಿನ ಕಡೆಯಿಂದ ಮೋಡ ಬಂದು, ಜಡಿಮಳೆ ಹಿಡಿಯಿತು. “ಅಬ್ಬಾ, ಏನು ವಾನ!” ಎಂದುಬಿಟ್ಟರು ಮುನಿಸ್ವಾಮಿ. ಮಳೆಗೆ ತೆಲುಗಿನಲ್ಲಿ ವಾನ. ನಾನು ಬೆರಳೆತ್ತಿದೆ. ಅವರು ನೆನೆಯುತ್ತಲೇ “ಬಂಡೆಯು, ಬಂಡೆಯನ್ನು, ಬಂಡೆಯಿಂದ” ಎಂದು ಆರಂಭಿಸಿ, ಮುಗಿಸಿ, ಉಸಿರು ಬಿಟ್ಟರು.

“ಪಂಡಿತರೇ, ಮರ, ಬಳ್ಳಿ, ಮೇಕೆ, ಬಂಡೆ ಎಲ್ಲಾ ಆಯ್ತು. ಈ ಬೆಟ್ಟದ ಮೇಲೆ ನನಗೆ ಇನ್ನು ಸಾಮಾನೇ ಉಳಿದಿಲ್ಲ.”

“ಹಾಗಾದರೆ ಕನ್ನಡ ಮಾತನಾಡಿ.”

ಶಾಮಣ್ಣನವರು ನಗಲು ಹೋಗಿ ಕೆಮ್ಮಿದರು. ಎದೆಯಲ್ಲಿ ಸಣ್ಣಗೆ ಪೀಪಿ ಊದಿದಂಥ ಸದ್ದು. ಅವರಿಗೆ ಬೇಗ ಒಂದು ಸೂರು ಬೇಕಾಗಿತ್ತು. ಅಷ್ಟರಲ್ಲಿ ಮೇಕೆಗಳನ್ನು ಹೊಡೆದುಕೊಂಡು ಕೆಳಗಿಳಿಯುತ್ತಿದ್ದ, ಕಂಬಳಿ ಹೊದ್ದ ಮುದುಕಿಯೊಬ್ಬಳು ಎದುರಾದಳು. ನಾನು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಕ್ರಮವಾಗಿ ಜೋಡಿಸಿ ಆಶ್ರಯದ ಸ್ಥಳವನ್ನು ವಿಚಾರಿಸಿದೆ.

“ಮ್ಯಾಲೆ ದೊಣೆ ಸಿಕ್ತದೆ. ಕುಡಿ ಪಕ್ಕಕ್ಕೆ ಹೋಗಿ ಸಾಮೀ, ಮಂಟಪ ಅದೆ,” ಎಂದಳು ಮುದುಕಿ.

ದೊಣೆಯೆಂದರೆ ಬಂಡೆಯ ಕುಳಿಯಲ್ಲಿ ನಿಂತ ನೀರು. ಅದು ನನಗೆ ತಿಳಿದಿತ್ತು. ಆದರೆ ನನ್ನ ಕಿವಿ ಬೇರೊಂದು ಕಡೆ ಎಡವಿತು. “ನೋಡಿದಿರಾ? ‘ಹೋಗಿ’ ಎಂಬುದು ಬಹುವಚನ. ‘ಕುಡಿ’ ಎಂಬುದು ಏಕವಚನ. ಒಂದೇ ವಾಕ್ಯದಲ್ಲಿ ಎರಡು ವಚನ! ಅಜ್ಜಿ, ‘ಕುಡಿಯಿರಿ’ ಎನ್ನಬೇಕು. ದೊಣೆಯ ನೀರನ್ನು ಕುಡಿಯಿರಿ, ಬಳಿಕ ಪಕ್ಕಕ್ಕೆ ಹೋಗಿರಿ.”

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಏನೋ ಸಾಮಿ, ಬಿರ್ರನೆ ಹೋಗಿ, ಮಬ್ಬು ಕವೀತದೆ,” ಎಂದಳು.

“ಪಂಡಿತರೇ, ಕುಡಿ ಅಂದ್ರೆ...” ಎಂದು ಮುನಿಸ್ವಾಮಿ ಬಾಯಿ ತೆರೆದರು.

“ಮಧ್ಯಮಪುರುಷ, ಏಕವಚನ, ವಿಧ್ಯರ್ಥ. ವ್ಯಾಕರಣವನ್ನು ನನಗೆ ಬಿಡಿ.”

ಬಿಟ್ಟರು. ದೊಣೆ ಸಿಕ್ಕಿತು. ತಲೆಯಿಂದ ಪಾದದವರೆಗೆ ನೀರು ಸೋರುತ್ತಿದ್ದ ನಾವು ಮೂವರೂ, ನನ್ನ ಒತ್ತಾಯಕ್ಕೆ, ಬಗ್ಗಿ ಎರಡೆರಡು ಬೊಗಸೆ ನೀರು ಕುಡಿದೆವು. ಇನ್ನು ಪಕ್ಕಕ್ಕೆ. ಯಾವ ಪಕ್ಕಕ್ಕೆ? ಎಡಗಡೆಯ ಜಾಡು ಹೆಚ್ಚು ಸವೆದಂತಿತ್ತು.

“ಬಲಗಡೆ ಹೋಗೋಣ,” ಎಂದರು ಮುನಿಸ್ವಾಮಿ.

“ಆಧಾರ?”

“ಆಧಾರ ಹೇಳಿದ್ರೆ ಏಳನೇ ನಿಯಮಕ್ಕೆ ಬೀಳ್ತೀನಿ.”

ಅದನ್ನು ಹಾಸ್ಯವೆಂದು ತಿಳಿದು, ನಾನು ಎಡಕ್ಕೆ ನಡೆದೆ. ಅದು ಜಾಡಾಗಿರಲಿಲ್ಲ, ನೀರು ಹರಿದು ಸವೆದ ಬಂಡೆ. ನೂರು ಹೆಜ್ಜೆಯಲ್ಲಿ ಮಬ್ಬು ಕವಿದು ಹಿಂದೂ ಕಾಣದು, ಮುಂದೂ ಕಾಣದು. ಇಳಿಜಾರಿನ ಮೇಲೆ ನೀರು ಪದರಪದರವಾಗಿ ಕಾಲಡಿ ಜಾರುತ್ತಿತ್ತು. ಶಾಮಣ್ಣನವರು ಕುಳಿತುಬಿಟ್ಟರು. ಎರಡು ಕೈಗಳನ್ನೂ ಬಂಡೆಗೆ ಊರಿ, ಬಾಯಿ ತೆರೆದು, ಉಸಿರನ್ನು ಎಳೆದುಕೊಳ್ಳುತ್ತಿದ್ದರು, ಅದು ಬರುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಮುನಿಸ್ವಾಮಿ ತಮ್ಮ ಅಂಗಿಯನ್ನು ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು. ನಾನು? ನಾನು ನಿಂತಿದ್ದೆ. ‘ನಿಶ್ಚಿಂತರಾಗಿರಿ’ ಎಂಬ ನನ್ನದೇ ಮಾತು, ವ್ಯಾಕರಣದಲ್ಲಿ ಯಾವ ದೋಷವೂ ಇಲ್ಲದ್ದು, ಕಿವಿಯಲ್ಲಿ ಮೊಳಗುತ್ತಿತ್ತು.

ಆಗ ಮಬ್ಬಿನೊಳಗಿಂದ ಒಂದು ಕೂಗು ಬಂತು: “ಎಕ್ಕಡುನ್ನಾರಯ್ಯಾ?” ಎಲ್ಲಿದ್ದೀರಪ್ಪಾ ಎಂದು. ಅದೇ ಮುದುಕಿ, ನಾವು ದಾರಿ ತಪ್ಪುವೆವೆಂದು ಅನುಮಾನಿಸಿ ಮೇಕೆಗಳೊಂದಿಗೆ ಮತ್ತೆ ಹತ್ತಿ ಬಂದಿದ್ದಳು.

ನನ್ನ ಬಾಯಿಂದ ಬಂದದ್ದನ್ನು ನಾನೇ ಮೊದಲ ಸಲ ಕೇಳುವವನಂತೆ ಕೇಳಿದೆ. “ಅವ್ವಾ! ಇಕ್ಕಡ! ಎಡಮ ಪಕ್ಕ! ಬಿರ್ರನ ರಾ!” ಇಲ್ಲಿ, ಎಡಗಡೆ, ಬೇಗ ಬಾ ಎಂದು.

ಓದುಗರೇ, ನಮ್ಮ ಮನೆಯ ಮಾತೂ ತೆಲುಗು. ಶ್ರೀನಿವಾಸಪುರದ ನನ್ನ ಅಜ್ಜಿಗೆ ಬೇರೆ ಮಾತೇ ಬರುತ್ತಿರಲಿಲ್ಲ. ಪಂಡಿತನಾದ ಮೇಲೆ ನಾನದನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಕಿವಿಗೂ ಹೇಳುವುದನ್ನು ಬಿಟ್ಟಿದ್ದೆ. ಆದರೆ ‘ಎಡಮ’ ಎಂದ ನಾಲಗೆಗೆ ಅದರ ಜೋಡಿಪದ ತಾನಾಗಿಯೇ ನೆನಪಾಯಿತು. ಊಟದ ಎಲೆಯ ಮುಂದೆ ಅಜ್ಜಿ ನನ್ನ ಎಡಗೈಗೆ ಮೆಲ್ಲಗೆ ಹೊಡೆದು ಹೇಳುತ್ತಿದ್ದಳು: “ಕುಡಿ ಚೇತ್ತೋ ತಿನರಾ.” ಬಲಗೈಯಲ್ಲಿ ತಿನ್ನೋ. ಕುಡಿ ಎಂದರೆ ಬಲ. ಕುಡಿ ಪಕ್ಕ ಎಂದರೆ ಬಲಗಡೆ. ಅದು ಏಕವಚನವೂ ಅಲ್ಲ, ಬಹುವಚನವೂ ಅಲ್ಲ, ಕ್ರಿಯಾಪದವೇ ಅಲ್ಲ.

ಮುದುಕಿ ಬಂದಳು. ತನ್ನ ಕಂಬಳಿಯನ್ನು ಶಾಮಣ್ಣನವರಿಗೆ ಸುತ್ತಿದಳು. ಶಾಮಣ್ಣನವರನ್ನು ಮುನಿಸ್ವಾಮಿ ಬೆನ್ನ ಮೇಲೆ ಹೊತ್ತರು. ಮಂಟಪ ದೊಣೆಯ ಬಲಕ್ಕೆ ಮೂವತ್ತೇ ಹೆಜ್ಜೆ. ಅಲ್ಲಿ ಆಕೆ ಸೌದೆ ಒಟ್ಟಿ ಬೆಂಕಿ ಮಾಡಿದಳು. ಮೇಕೆಗಳು ಸುತ್ತಲೂ ಒತ್ತಿ ನಿಂತವು. ಒಂದು ಗಂಟೆ ಕಳೆದ ಮೇಲೆ ಶಾಮಣ್ಣನವರ ಎದೆಯ ಪೀಪಿ ತಗ್ಗಿತು. ಅಷ್ಟು ಹೊತ್ತೂ ಮುನಿಸ್ವಾಮಿ ನನ್ನ ತೆಲುಗಿನ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ದಂಡ ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಕೇಳಿದವರು ಶಾಮಣ್ಣನವರು. ಕಂಬಳಿಯೊಳಗಿಂದ ಸಣ್ಣ ಧ್ವನಿ ಬಂತು: “ಪಂಡಿತರೇ... ‘ಪೆದ್ದ’ ಶಬ್ದಕ್ಕೆ ವಿಭಕ್ತಿ ಹೇಳಿ.”

“ಯಾವ ಪೆದ್ದ ಸಾರ್?” ಎಂದರು ಮುನಿಸ್ವಾಮಿ. “ತೆಲುಗಲ್ಲಿ ಪೆದ್ದ ಅಂದ್ರೆ ದೊಡ್ಡೋನು.”

“ಶುದ್ಧ ಕನ್ನಡದ್ದೇ ಆಗ್ಲಿ. ನಿಯಮ ಇದೆಯಲ್ಲ.”

ನಾನು ಎದ್ದು ನಿಂತು ಹೇಳಿದೆ. ಪೆದ್ದನು, ಪೆದ್ದನನ್ನು, ಪೆದ್ದನಿಂದ, ಪೆದ್ದನಿಗೆ, ಪೆದ್ದನ ದೆಸೆಯಿಂದ, ಪೆದ್ದನ, ಪೆದ್ದನಲ್ಲಿ. ‘ಪೆದ್ದನ ದೆಸೆಯಿಂದ’ ಎಂಬುದನ್ನು ಶಾಮಣ್ಣನವರ ಕಡೆ ತಿರುಗಿ ಹೇಳಿದೆ. “ಸಂಬೋಧನೆ ಬಿಟ್ರಿ,” ಎಂದರು ಶಾಮಣ್ಣನವರು, ಮತ್ತು ಕೆಮ್ಮದೆ ನಕ್ಕರು.

ಇಂದು ಮಳೆ ನಿಂತಿತು. ಜಗಲಿಯ ಹೆಂಗಸು ಕಂಬಳಿ ಕೊಡವಿ ಎದ್ದು, “ಟೇಸನ್ನುಕಿ ಎಟ್ಲ ಪೋವಾಲ ಸಾಮೀ?” ಎಂದಳು. ರೈಲು ನಿಲ್ದಾಣಕ್ಕೆ ದಾರಿ. ನಾನು ಬೀದಿಯ ತುದಿ ತೋರಿಸಿ ತೆಲುಗಿನಲ್ಲೇ ಹೇಳಿದೆ: “ಆಡ ಕುಡಿ ಪಕ್ಕ ಪೋ.” ಅಲ್ಲಿ ಬಲಕ್ಕೆ ಹೋಗು ಎಂದು. ಬಾಯಿ ತುಂಬ ಹೇಳಿದೆ, ಒಳಗೆ ಹೆಂಡತಿಗೂ ಕೇಳಿಸಿತು.

ಹೆಂಗಸು ಹೊರಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. “‘ಪೋ’ ಅಂತೀರಲ್ಲ ಸಾಮೀ, ಇಷ್ಟು ವಯಸ್ಸಾದೋಳ್ನ? ‘ಪೋಮ್ಮಾ’ ಅನ್ಬೇಕು.”

ಮಧ್ಯಮಪುರುಷ, ಏಕವಚನ, ವಿಧ್ಯರ್ಥ. ತಪ್ಪು ನನ್ನದೇ.

“ಪೋಮ್ಮಾ,” ಎಂದು ತಿದ್ದಿ ಹೇಳಿದೆ. ಆಕೆ ತಲೆಯಾಡಿಸಿ, ಬೀದಿಯ ತುದಿಗೆ ಹೋಗಿ, ಬಲಕ್ಕೆ ತಿರುಗಿದಳು.