ಅಪ್ಪ ಬರೆಯದ ಸೊನ್ನೆ

ನಾನು ಸಮುದ್ರವನ್ನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಆದರೂ ಮಾಸ್ತರಿಕೆಯಿಂದ ನಿವೃತ್ತನಾದ ಈ ನಾಲ್ಕು ವರ್ಷ, ದಿನಾಲೂ ಮುಂಜಾನೆ ಎರಡು ತಾಸು ಸಮುದ್ರದ ಹವಾಮಾನವನ್ನೇ ಬರೆಯುತ್ತ ಕೂತಿದ್ದೇನೆ. ಹಿಂದಿನ ಕಾಲದ ಹಾಯಿಹಡಗುಗಳಲ್ಲಿ ನಾವಿಕರು ಗಂಟೆಗಂಟೆಗೆ ಒಂದು ದಿನಚರಿ ತುಂಬುತ್ತಿದ್ದರು. ಗಾಳಿ ಯಾವ ದಿಕ್ಕಿನದು, ಎಷ್ಟು ಜೋರು, ವಾಯುಭಾರ ಎಷ್ಟು, ಆಕಾಶದಲ್ಲಿ ಮೋಡವೋ ಮಳೆಯೋ. ಆ ಪುಟಗಳ ಫೋಟೋಗಳನ್ನು ಈಗ ಇಂಟರ್‌ನೆಟ್ಟಿಗೆ ಏರಿಸಿದ್ದಾರೆ. ನನ್ನಂಥ ಬಿಡುವಿನ ಜನ ಅಲ್ಲಲ್ಲಿ ಕೂತು ಆ ಕೈಬರಹ ಓದಿ ಅಂಕಿಗಳನ್ನು ಟೈಪು ಮಾಡಿ ಕಳಿಸುತ್ತೇವೆ. ಅಂದಿನ ಹವಾಮಾನ ಹೇಗಿತ್ತೆಂದು ತಿಳಿಯಲು ವಿಜ್ಞಾನಿಗಳಿಗೆ ಅವು ಬೇಕು.

"ನಳಕ್ಕ ನೀರು ಬಂದಾವೋ ಇಲ್ಲೋ ನೋಡೂದು ಬಿಟ್ಟು, ಯಾವ್ಯಾವನೋ ಸತ್ತವನ ಕಾಲದ ಮಳಿ ಎಣಸಾಕತ್ತೀರಿ," ಎನ್ನುತ್ತಾಳೆ ಹೆಂಡತಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಳದ ನೀರಿಗೆ ಕಾಯುವ ಓಣಿಯಲ್ಲಿ ಕೂತು ನಡುಗಡಲಿನ ಮಳೆ ಬರೆಯುವವನನ್ನು ಹುಚ್ಚ ಎನ್ನದೆ ಇನ್ನೇನನ್ನಬೇಕು? ಅವಳದೇನೂ ತಪ್ಪಿಲ್ಲ.

ಈ ಕೆಲಸದ ರುಚಿ ತಿಳಿದದ್ದು ಅಪ್ಪನಿಗೊಬ್ಬನಿಗೆ. ಅವನಿಗೆ ಈಗ ಎಂಬತ್ತಾರು. ಹೊನವಾಡದ ದ್ರಾಕ್ಷಿ ತೋಟವನ್ನು ತಮ್ಮನಿಗೆ ಒಪ್ಪಿಸಿ, ಮೂರು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಲು ಬಂದವನು ನಮ್ಮಲ್ಲೇ ಉಳಿದ. ಮುಂಜಾನೆ ಚಹಾ ಕುಡಿದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು, "ಇವತ್ತ ಹಡಗದಾಗ ಮಳಿ ಆಗೇತೇನು?" ಎಂದು ಕೇಳುತ್ತಿದ್ದ. ಆಗಿದೆ ಎಂದರೆ ಅವನ ಮುಖ ಅರಳುತ್ತಿತ್ತು.

ಯಾಕೆಂದರೆ ಅಪ್ಪನೂ ಅದೇ ಜಾತಿಯ ಮನುಷ್ಯ. ನಾನು ತಿಕೋಟದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ಸೇರಿದ ವರ್ಷ, ಪೇಟೆಯ ತಗಡಿನ ಕೆಲಸದವನಿಂದ ಒಂದು ಮಳೆಮಾಪಕ ಮಾಡಿಸಿ ಅವನಿಗೆ ಕೊಟ್ಟಿದ್ದೆ. ಒಂದು ಆಲಿಕೆ, ಒಂದು ಬಾಟಲಿ, ಗೆರೆ ಹಾಕಿದ ಒಂದು ಗ್ಲಾಸು, ಅಷ್ಟೆ. ದಿನಾ ಮುಂಜಾನೆ ಎಂಟೂವರೆಗೆ ನೋಡಿ ಬರೆ ಎಂದು ಹೇಳಿ ಬಸ್ಸು ಹತ್ತಿದೆ. ಅವನು ಮೂವತ್ತೊಂದು ವರ್ಷ ಬರೆದು ಹನ್ನೊಂದು ವಹಿ ತುಂಬಿಸಿದ. ಸ್ಕೇಲು ಹಿಡಿದು ತಿಂಗಳಿಗೊಂದು ಪುಟ, ದಿನಕ್ಕೊಂದು ಚೌಕದ ಮನೆಯಂತೆ ಗೆರೆ ಹಾಕುತ್ತಿದ್ದ. ಔಷಧಿ ಹೊಡೆಯುವ ಮೊದಲು ಅಕ್ಕಪಕ್ಕದ ತೋಟದವರು ಬೇಲಿಯಾಚೆ ನಿಂತು, "ರಾತ್ರಿ ಎಷ್ಟಾತ್ರಿ ಮಳಿ?" ಎಂದು ಅವನನ್ನೇ ಕೇಳುತ್ತಿದ್ದರು. ನಾನು ತರಗತಿಯಲ್ಲಿ ನನ್ನ ಅಪ್ಪನ ಬಗ್ಗೆ ಜಂಬ ಕೊಚ್ಚಿಕೊಂಡೆನೇ ಹೊರತು ಆ ಹನ್ನೊಂದು ವಹಿಗಳಲ್ಲಿ ಒಂದನ್ನಾದರೂ ತೆರೆದು ನೋಡಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ದಿನ ಅಪ್ಪ ಪರದೆಯನ್ನೇ ನೋಡುತ್ತ ಕೇಳಿದ: "ಈ ಹಡಗದವ್ರದು ತಗೊಂಡಂಗ ನಂದೂ ತಗೋತಾರೇನು?"

"ಕೇಳಿ ನೋಡ್ತೀನಿ."

"ಲಗೂನ ಕೇಳು. ನಾ ಹೋದ ಮ್ಯಾಲೆ ನಿನ್ನ ಹೇಣ್ತಿ ರದ್ದಿಗಿ ಹಾಕ್ತಾಳ."

ನಗುತ್ತಲೇ ಅಂದ. ಆದರೆ ಮರುದಿನದಿಂದ ಹಡಗಿನ ಮಳೆ ಕೇಳುವುದನ್ನು ಬಿಟ್ಟು, "ಉತ್ತರ ಬಂತೇನು?" ಎಂದು ಕೇಳತೊಡಗಿದ. ನಾನು ತಮ್ಮನಿಂದ ವಹಿಗಳನ್ನು ತರಿಸಿ, ಇಪ್ಪತ್ತು ಪುಟಗಳ ಫೋಟೋ ತೆಗೆದು ದಿನಚರಿಯ ಕೆಲಸ ನಡೆಸುವವರಿಗೆ ಕಳಿಸಿದೆ. ವಾರದಲ್ಲಿ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಒಂದೇ ಪ್ರಶ್ನೆ ಇತ್ತು: ಹೆಚ್ಚಿನ ಮನೆಗಳು ಖಾಲಿ ಇವೆ, ಖಾಲಿ ಎಂದರೆ ಆ ದಿನ ಮಳೆ ಬರಲಿಲ್ಲವೆಂದೋ, ನೋಡಲಿಲ್ಲವೆಂದೋ?

ಆಗ ನಾನು ವಹಿಗಳನ್ನು ಸರಿಯಾಗಿ ನೋಡಿದೆ. ಒಂದು ಪುಟದಲ್ಲಿ ಮೂರು ಅಂಕಿ, ಇನ್ನೊಂದರಲ್ಲಿ ಐದು, ಉಳಿದದ್ದೆಲ್ಲ ಬಿಳಿ. ನಾನು ದಿನಚರಿ ಟೈಪು ಮಾಡಿದ ಹಡಗುಗಳಲ್ಲೊಂದರಲ್ಲಿ ಅದನ್ನು ಬರೆಯುವವನು ಜ್ವರದಿಂದ ಸತ್ತುಹೋಗಿದ್ದ. ಅವನನ್ನು ಸಮುದ್ರಕ್ಕೆ ಹಾಕಿದ ಗಂಟೆಯಲ್ಲೂ ಬೇರೊಬ್ಬರ ಅಕ್ಷರದಲ್ಲಿ 'ಗಾಳಿ ಇಲ್ಲ' ಎಂದು ಬರೆದಿತ್ತು. ನೋಡಲಾಗದ ದಿನ 'ನೋಡಲಿಲ್ಲ' ಎಂದೇ ಬರೆಯುತ್ತಿದ್ದರು. ಮನೆಯನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಯಪ್ಪಾ, ಮಳಿ ಬರದ ದಿನಾ ಯಾಕ ಏನೂ ಬರದಿಲ್ಲ?"

ಅಪ್ಪ ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದ. "ಮಳಿ ಇಲ್ಲ ಅಂತ ಯಾರರ ಬರೀತಾರೇನು?"

ನಮ್ಮ ಮನೆಯಲ್ಲಿ 'ಇಲ್ಲ' ಎನ್ನುವ ಮಾತೇ ಇರಲಿಲ್ಲ. ಡಬ್ಬಿಯ ಜೋಳದ ಹಿಟ್ಟು ತೀರಿದರೆ ಅವ್ವ, "ಹಿಟ್ಟು ಹೆಚ್ಚಾಗೇತಿ" ಎನ್ನುತ್ತಿದ್ದಳು. ಕುಂಕುಮ ತೀರಿದರೂ ಹಾಗೇ. ಮಳೆಮಾಪಕ ಬಂದ ಮೊದಲ ವಾರ ಅಪ್ಪ ಸೊನ್ನೆ ಬರೆದಿದ್ದನಂತೆ. ಅವ್ವ ನೋಡಿ ಹೌಹಾರಿದಳಂತೆ. "ಮಳಿ ಹೆಸರಿನ ವಹಿಯೊಳಗ ಸೊನ್ನಿ ಹಾಕ್ತೀರೇನು? ಇಲ್ಲ ಅಂದ ಮನ್ಯಾಗ ಇಲ್ಲಾನ ಕುಂಡರ್ತದ!" ಅಪ್ಪ ಬ್ಲೇಡಿನಿಂದ ಕೆರೆದು ಅಳಿಸಿದ. ಅಲ್ಲಿಂದ ಮುಂದೆ ಒಂದೂ ಸೊನ್ನೆ ಹಾಕಲಿಲ್ಲ.

ಇಷ್ಟೇ ಆಗಿದ್ದರೆ, ಖಾಲಿ ಎಂದರೆ ಸೊನ್ನೆ ಎಂದು ಬರೆದು ಪಾರಾಗುತ್ತಿದ್ದೆ. ಅದೇ ನೆಮ್ಮದಿಯಲ್ಲಿ ಇನ್ನೊಂದು ಮಾತು ಕೇಳಿದೆ. "ನೀ ಊರಾಗ ಇರದ ದಿನಾ?"

"ಅವೂ ಖಾಲಿನ."

ಅಪ್ಪ ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ. ಒಮ್ಮೆ ಅವ್ವನನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎರಡು ತಿಂಗಳು ಅಲ್ಲೇ ಇದ್ದ. ತಿರುಗಿ ಬಂದಾಗ ಬಾಟಲಿಯಲ್ಲಿ ನಿಂತ ನೀರನ್ನು ಏನು ಮಾಡುತ್ತಿದ್ದೆ ಎಂದೆ. "ತುಳಸಿಗಿ ಹಾಕ್ತಿದ್ದೆ." ಯಾವ ಯಾವ ವರ್ಷ ಪಂಢರಪುರಕ್ಕೆ ಹೋಗಿದ್ದೆ ಎಂದೆ. "ಆ ದೇವ್ರು ಕರದಾಗೆಲ್ಲಾ ಹೋಗೀನಿ."

ನನಗೆ ಸಿಟ್ಟು ಬಂತು. "ಹಂಗಾದ್ರ ಇವು ಯಾವ ಕೆಲಸಕ್ಕೂ ಬರೂದಿಲ್ಲ," ಎಂದುಬಿಟ್ಟೆ. "ಅವ್ರಿಗಿ ಸೊನ್ನಿ ಬೇಕು. ಸೊನ್ನಿನೂ ಒಂದು ಲೆಕ್ಕ."

ಅಪ್ಪ ಎದ್ದು ತನ್ನ ಕೋಣೆಗೆ ಹೋದ. ಸಿಟ್ಟು ನಿಜವಾಗಿ ನನ್ನ ಮೇಲೇ ಇತ್ತು. ಮಳೆ ಬರದಿದ್ದರೆ ಸೊನ್ನೆ, ನೋಡದಿದ್ದರೆ ಅಡ್ಡಗೆರೆ ಎಂದು ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿದವನು, ಅದೊಂದು ಮಾತನ್ನು ಅಪ್ಪನಿಗೆ ಹೇಳಿರಲಿಲ್ಲ. ಊರಿಗೆಲ್ಲ ಉಪದೇಶ, ಮನೆಯಲ್ಲಿ ಇದು.

ನಾಲ್ಕು ದಿನ ಬಿಟ್ಟು ಇಟ್ಟಂಗಿಹಾಳದಲ್ಲಿ ನೆಂಟರ ಮದುವೆಯಿತ್ತು. ಹೆಂಡತಿಯೊಂದಿಗೆ ಹೋಗಿ, ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಮರಳಿದೆ. ಅಪ್ಪ ನನ್ನ ಮೇಜಿನ ಮುಂದೆ ಕೂತಿದ್ದ. ಒಂದು ಕೈಯಲ್ಲಿ ಭೂತಕನ್ನಡಿ, ಇನ್ನೊಂದರಲ್ಲಿ ನೀಲಿ ಪೆನ್ನು. ಖಾಲಿ ಮನೆಗೊಂದರಂತೆ ಸೊನ್ನೆ ಬರೆಯುತ್ತಿದ್ದ. ಏಳು ವಹಿ ಮುಗಿದಿದ್ದವು, ಎಂಟನೆಯದು ತೆರೆದಿತ್ತು. ಪಂಢರಪುರದ ಆಷಾಢಗಳೆಲ್ಲ ಸೊನ್ನೆ. ಅವ್ವ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳೂ ಸೊನ್ನೆ. ಅವನು ಪ್ರತಿ ತಿಂಗಳಿಗೂ ಮೂವತ್ತೊಂದು ಮನೆ ಎಳೆದಿದ್ದ, ಹೀಗಾಗಿ ಫೆಬ್ರುವರಿ ಮೂವತ್ತರಂದೂ ಮಳೆ ಸೊನ್ನೆ. ಅಪ್ಪ ಊರಲ್ಲಿರದ ದಿನಗಳನ್ನು ತಮ್ಮನನ್ನೋ ಪಂಢರಪುರಕ್ಕೆ ಜೊತೆಯಾಗಿ ನಡೆದವರನ್ನೋ ಕೇಳಿ ಬಿಡಿಸಬಹುದೇನೋ ಎಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಹೀಗೆ ಆಮೇಲೆ ತುಂಬಿದ ವಹಿಯನ್ನು ಯಾರೂ ನಂಬುವುದಿಲ್ಲ, ಆ ಆಸೆಯೂ ಅಲ್ಲಿಗೆ ಹೋಯಿತು.

"ಯಪ್ಪಾ, ಏನ್ ಮಾಡಾಕತ್ತೀ?"

"ಸೊನ್ನಿ ಬೇಕಂದ್ರಲ್ಲ ಅವ್ರು."

"ಅವ್ವ ಬ್ಯಾಡಂದಿದ್ದಳಲ್ಲೋ."

ಅಪ್ಪ ಪೆನ್ನು ಎತ್ತಲಿಲ್ಲ. "ಆಕಿ ಇಲ್ಲಲ್ಲ ಈಗ," ಅಂದ.

ಅವ್ವ ತೀರಿಕೊಂಡು ಹನ್ನೊಂದು ವರ್ಷ. ಅಷ್ಟೂ ವರ್ಷ ಅಪ್ಪ ಯಾರೇ ಕೇಳಿದರೂ "ಮುಂದ ಹೋಗ್ಯಾಳ" ಎನ್ನುತ್ತಿದ್ದ. ಅವ್ವನ ಬಗ್ಗೆ 'ಇಲ್ಲ' ಎನ್ನುವ ಮಾತನ್ನು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನು ಮಂಚದ ಮೇಲೆ ಕೂತೆ.

ಅವನು ಇನ್ನೂ ಎರಡು ಸೊನ್ನೆ ಬರೆದ. ಮೂರನೆಯದು ಮೂಡಲಿಲ್ಲ. ಪೆನ್ನನ್ನು ಅಂಗೈಗೆ ಗೀಚಿ ನೋಡಿದ.

"ಇದು ಮುಗೀತು. ಬ್ಯಾರೆದ್ದು ಕೊಡು," ಎಂದು ಕೈ ಚಾಚಿದ. "ಇನ್ನ ನಾಕ ವಹಿ ಅದಾವ. ಇವೆಲ್ಲಾ ತುಂಬಿದ್ರ ತಗೋತಾರಲ್ಲ?"

ನಾನು ಕಿಸೆಯಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟೆ.