ದನಿಗಳ ಬಾವಿ ಓದಿದ ಬೇಸಿಗೆ

ಹೋದ ತಿಂಗಳು ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಪಕ್ಕದ ಮನೆಯವರು ಬೀಜದ ಶೇಂಗಾ ಹರವಿ, ಸಿಪ್ಪೆ ಮೆತ್ತಗಾಗಲೆಂದು ನೀರು ಚಿಮುಕಿಸಿದ್ದರು. ಒಣಗಿದ ಬಟ್ಟೆ ತರಲು ಹೋದ ನನಗೆ ಆ ವಾಸನೆ ಮೂಗಿಗೆ ಹೊಡೆಯಿತು ನೋಡಿ, ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಹಸಿ ಮಣ್ಣಿನದೇ ವಾಸನೆ, ಆದರೆ ಮಳೆಯ ಮಣ್ಣಿನದಲ್ಲ. ಅದರೊಳಗೆ ಸ್ವಲ್ಪ ಎಣ್ಣೆ, ಸ್ವಲ್ಪ ಗೋಣಿಚೀಲ, ಸ್ವಲ್ಪ ಬೆವರು. ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆ ಬೇಸಿಗೆಯ ಎರಡು ವಾರ ಹೀಗೇ ನಾರುತ್ತಿತ್ತು. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್ ಇರುವ ಕಾಂಪ್ಲೆಕ್ಸ್ ಎದ್ದಿದೆ. ಅದರ ಮುಂದೆ ಹಾದುಹೋಗುವಾಗ ನಾನು ರಸ್ತೆಯ ಆಚೆ ದಂಡೆಗೆ ಮುಖ ತಿರುಗಿಸುತ್ತೇನೆ. ನಿಮ್ಮದೂ ಅಂಥ ಒಂದು ಮನೆ ಹೋಗಿದ್ದರೆ ಯಾಕೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ.

ಬಿತ್ತುವ ಶೇಂಗಾವನ್ನು ಮಶೀನಿಗೆ ಹಾಕುತ್ತಿರಲಿಲ್ಲ. ಬೀಜ ಹೋಳಾದರೆ, ಮೇಲಿನ ಕೆಂಪು ಸಿಪ್ಪೆ ಹರಿದರೆ ಅದು ಮೊಳಕೆಯೊಡೆಯುವುದಿಲ್ಲ. ಅದಕ್ಕೇ ಮುಂಗಾರಿನ ಮೊದಲು ಓಣಿಯ ಹೆಂಗಸರು ಒಬ್ಬರ ಮನೆಯ ಪಾಳಿ ಮುಗಿದ ಮೇಲೆ ಇನ್ನೊಬ್ಬರ ಮನೆಯಲ್ಲಿ ಕೂತು ಕೈಯಿಂದಲೇ ಒಡೆಯುತ್ತಿದ್ದರು. ನಮ್ಮ ಪಡಸಾಲೆಯ ಯಜಮಾನತಿ ಅಮ್ಮ. ನಮ್ಮಲ್ಲಿ ಅವ್ವ ಅಂದರೆ ಹೆತ್ತವಳು, ಅಮ್ಮ ಅಂದರೆ ಅಪ್ಪನ ತಾಯಿ. ಅಮ್ಮನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಯಾರ ಬಾಯಿ ಯಾವಾಗ ಆಡುತ್ತಿದೆ, ಮಾತಿಗೋ ಶೇಂಗಾಕ್ಕೋ ಎಂಬುದು ಬೆನ್ನು ಮಾಡಿ ಕೂತರೂ ಗೊತ್ತಾಗುತ್ತಿತ್ತು. “ನೀಲವ್ವಾ, ಬಿತ್ತಾಕೂ ನಾಕು ಉಳಸಬೇ” ಎನ್ನುತ್ತಿದ್ದಳು. ಎದುರು ಮನೆಯ ನೀಲವ್ವ ದೊಡ್ಡ ದನಿಯವಳು, ದೊಡ್ಡ ಕುಂಕುಮದವಳು. ಬೈಸಿಕೊಂಡು ನಗುತ್ತಲೇ ಇನ್ನೆರಡು ಬೀಜ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಪಕ್ಕಕ್ಕೆ ಬಸಮ್ಮ. ಹತ್ತು ವರ್ಷದ ಮಗನನ್ನು ಜ್ವರದಲ್ಲಿ ಕಳೆದುಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದಳು. ಮೂಲೆಯಲ್ಲಿ, ಕಂಬಕ್ಕೆ ಒರಗಿ, ನಮ್ಮ ಗಿರಿಜತ್ತೆ.

ಗಿರಿಜತ್ತೆ ಅಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು, ಬೆಳ್ಳಟ್ಟಿಯ ಶಾಲೆಯಲ್ಲಿ ಟೀಚರಾಗಿ ದಿನಾ ಬಸ್ಸಿಗೆ ಹೋಗಿಬರುತ್ತಿದ್ದಳು. ನಾನು ಐದನೇ ತರಗತಿ ಮುಗಿಸಿದ ಬೇಸಿಗೆಯದು. ಒಂದು ಮಧ್ಯಾಹ್ನ ನನ್ನನ್ನು ದೇವರ ಕೋಣೆಗೆ ಕರೆದು, ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ ದಪ್ಪ ನೋಟ್‌ಬುಕ್ಕನ್ನು ಕೈಗಿಟ್ಟಳು. “ಸುಮೀ, ನಾಳಿಂದ ಇದನ್ನ ಎಲ್ಲಾರ ಮುಂದ ಓದು. ಶಾಲಿ ಲೈಬ್ರರಿ ಪುಸ್ತಕ, ಅತ್ತಿ ನಕಲ ಮಾಡ್ಯಾಳ ಅಂತ ಹೇಳು. ನಾ ಬರದದ್ದಂತ ಗೊತ್ತಾದ್ರ ನನ್ನ ಮಾರಿ ನೋಡಿ ಛಲೋ ಐತಿ ಅಂತಾರ. ನನಗ ಖರೆ ಬೇಕು.” ಆಮೇಲೆ ದನಿ ತಗ್ಗಿಸಿ, “ಇವರಿಗೆ ಸೇರಿತಂದ್ರ ಗದಗಿಗೆ ಒಯ್ದು ಅಚ್ಚು ಹಾಕಸ್ತೀನಿ. ಸೇರಲಿಲ್ಲಂದ್ರ ನೀರಿನ ಒಲಿಗೆ ಹಾಕಿಬಿಡ್ತೀನಿ” ಅಂದಳು. ಅವಳು ಸುಮ್ಮನೆ ಅನ್ನುವವಳಲ್ಲ. ಗಂಡ ಬರೆದ ಪತ್ರಗಳನ್ನು ಹಾಗೇ ಒಂದು ಮುಂಜಾನೆ ಒಲೆಗೆ ಹಾಕಿದ್ದನ್ನು ನಾನೇ ಕಂಡಿದ್ದೆ. ಹನ್ನೊಂದು ವರ್ಷದವಳ ನಾಲಿಗೆಯ ಮೇಲೆ ಅವಳು ಅಷ್ಟು ದೊಡ್ಡ ಭಾರ ಹೊರಿಸಿದ್ದಳು.

ಕಾದಂಬರಿಯ ಹೆಸರು ‘ದನಿಗಳ ಬಾವಿ’. ಬಾವಿಗೆ ಬಗ್ಗಿ ಕೂಗಿದರೆ ಮರಳಿ ಕೂಗುತ್ತದಲ್ಲ, ಆ ದನಿಗಳು ಎಲ್ಲಿಯೂ ಹೋಗುವುದಿಲ್ಲ, ನೀರಿನ ತಳದ ಒಂದು ಊರಿನಲ್ಲಿ ಸಂಸಾರ ಹೂಡಿಕೊಂಡು ಇರುತ್ತವೆ ಎಂಬುದೇ ಕತೆಯ ಬುಡ. ಅಲ್ಲಿ ಸಿಟ್ಟಿನ ದನಿಗಳಿಗೆ ಒಂದು ಓಣಿ, ಜೋಗುಳದ ದನಿಗಳಿಗೆ ಒಂದು ಓಣಿ. ಚಂಪಾ ಎಂಬ ಹುಡುಗಿಯ ಅಪ್ಪ ಸಾಯುವ ಮುಂಚೆ ಒಮ್ಮೆ ಬಾವಿಗೆ ಬಗ್ಗಿ ಅವಳ ಹೆಸರು ಕೂಗಿದ್ದ. ಆ ದನಿಯನ್ನು ಹುಡುಕಿ ಮೇಲೆ ತರಲು ಅವಳು ಇಳಿಯುತ್ತಾಳೆ. ನಮ್ಮ ಕಡೆಯ ಮಾಗಡಿ ಕೆರೆಗೆ ದೂರದೇಶದಿಂದ ಬಂದು, ಮರಳಿ ಹೋಗಲು ಬೇಸರಪಟ್ಟು ಇಲ್ಲೇ ಉಳಿದ ಒಂದು ಗೊಣಗುಬುರುಕ ಬಾತು ಅವಳಿಗೆ ದಾರಿ ತೋರಿಸುತ್ತದೆ. ಬಾತು ಬಂದ ಕೂಡಲೇ ಪಡಸಾಲೆ ಎದ್ದು ಕೂತಿತು. “ಅಯ್ಯ, ಆ ಹಕ್ಕಿ ನಮ್ಮ ತವರಮನಿ ಹೊಲಾ ಪೂರಾ ಮೇಯ್ದು ಹೋಗತಾವು, ಇಲ್ಲಿ ಬಂದು ಶ್ಯಾಣೇತನ ಹೇಳಾಕತ್ತೈತೇನು!” ಎಂದು ನೀಲವ್ವ ಕೂಗಿದಳು. ಬಸಮ್ಮ ಮಾತ್ರ ತಲೆ ಎತ್ತದೆ, “ಇರ್ಲಿ ಬಿಡಕ್ಕಾ, ಮುಂದ ಓದಲಿ” ಅಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾವು ಕೇಳಿ ವರ್ಷವಾಗಿತ್ತು.

ಅವರೇನು ಮೆಚ್ಚಿ ತಲೆದೂಗುವ ಶ್ರೋತೃಗಳಲ್ಲ. ಒಂದು ಪುಟಕ್ಕೆ ಎರಡು ತಕರಾರು. ಒಬ್ಬರಿಗೆ ಬಾತು ಸೇರಿದರೆ ಇನ್ನೊಬ್ಬರಿಗೆ ಬಾತಿನ ಮಾತು ಹೆಚ್ಚಾಯಿತು. ಜೋಗುಳದ ಓಣಿ ಬಂದಾಗ ಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಪುಟಕ್ಕೆ ನೀಲವ್ವ ಆಕಳಿಸಿದಳು. ಅದಕ್ಕೂ ಮೊದಲು, ಚಂಪಾ ಬಾವಿಗೆ ಇಳಿದ ದಿನ, “ಹುಡಿಗಿ ಬಾವಿಗಿ ಇಳಿಯೂತನಾ ಅವರವ್ವ ಎಲ್ಲಿ ಹಾಳಾಗಿ ಹೋಗಿದ್ಲು? ಅದನ್ನ ಬರದಿಲ್ಲಲ್ಲ!” ಎಂದು ಕೇಳಿದಳು. ಎಲ್ಲರಿಗಿಂತ ಖಾರ ಅಮ್ಮನದೇ. ಚಂಪಾ ಒಂದು ಕೈಯಲ್ಲಿ ಕಂದೀಲು ಹಿಡಿದು ಹಗ್ಗ ಜಗ್ಗುತ್ತ ಇಳಿದಳೆಂದು ನಾನು ಓದಿದೆನೋ ಇಲ್ಲವೋ, “ಬರದಾಕಿ ಹುಟ್ಟಿದಾಗಿಂದ ಹಗ್ಗ ಹಿಡದಿಲ್ಲ. ಒಂದ ಕೈಲೆ ಇಳದ್ರ ಅಂಗೈ ಚರ್ಮ ಕಿತ್ತು ಬರತೈತಿ” ಎಂದಳು. ನಾನು ಕಳ್ಳಗಣ್ಣಿನಿಂದ ಕಂಬದ ಕಡೆ ನೋಡಿದೆ. ಅತ್ತೆ ತಲೆ ಬಗ್ಗಿಸಿ ಕಾಯಿ ಒಡೆಯುತ್ತಿದ್ದಳು. ಕಿವಿ ಮಾತ್ರ ಕೆಂಪಗಾಗಿದ್ದವು.

ಮರುದಿನ ನೋಟ್‌ಬುಕ್ ತೆರೆದರೆ ಆ ಪುಟದ ಮೇಲೆ ಗೋಂದಿನ ತೇವ ಇನ್ನೂ ಆರದ ಹೊಸ ಹಾಳೆ! ಕಂದೀಲು ಚಂಪಾಳ ಸೊಂಟಕ್ಕೆ ಹೋಗಿತ್ತು. ಎರಡೂ ಅಂಗೈಗೆ ಲಂಗದ ಅಂಚು ಸುತ್ತಿಕೊಂಡಿದ್ದಳು, ಆದರೂ ಉರಿ ತಾಳದೆ ಬಾಯಲ್ಲಿ ಊದಿಕೊಳ್ಳುತ್ತಿದ್ದಳು. ಅವರವ್ವ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ನಾನು ತೊದಲದೆ ಓದಿದೆ. “ನೋಡ, ನಿನ್ನಿ ಕೇಳಿದ್ದೆ, ಇವತ್ತ ಬಂತು! ನಾ ಕೇಳಿದ್ದು ಪುಸ್ತಕದಾಕಿಗೂ ಕೇಳಸ್ತು!” ಎಂದು ನೀಲವ್ವ ತೊಡೆ ಬಡಿದುಕೊಂಡು ನಕ್ಕಳು. ಅಮ್ಮ ನಗಲಿಲ್ಲ. ಹಗ್ಗದ ಸಾಲನ್ನು ಇನ್ನೊಮ್ಮೆ ಓದಿಸಿ, ಹೂಂ ಎಂದು ಮೊರದ ಕಡೆ ತಿರುಗಿದಳು. ಆ ಎರಡು ವಾರ ಹೀಗೇ ನಡೆಯಿತು. ಅತ್ತೆ ನಸುಕಿನಲ್ಲೆದ್ದು, ಅವ್ವ ಅಂಗಳ ಕಸ ಹೊಡೆಯುವುದರೊಳಗೆ ತಿದ್ದಿ ಅಂಟಿಸುತ್ತಿದ್ದಳು. ಹೊಗಳಿದ್ದನ್ನು ಮರೆಯುತ್ತಿದ್ದಳು, ಬೈದದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ನಾನು ಸಿಟ್ಟಿಗೆದ್ದು, “ಇವರ ಮಾತ ಯಾಕ ಕೇಳ್ತೀ ಅತ್ತೀ? ಇವರಿಗೇನ ಗೊತ್ತೈತಿ?” ಅಂದೆ. “ಹುಚ್ಚಿ, ಇವರು ಸುಳ್ಳ ಹೇಳೂದಿಲ್ಲಲೇ” ಅಂದಳು. ಆದರೆ ಅವಳ ಮುಖ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಕಡೆಯ ಅಧ್ಯಾಯದ ಬಗ್ಗೆ ಅವಳಿಗೇ ಭಯವಿತ್ತು.

ನಾಳೆ ಮುಗಿಯುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಈ ಹೆಂಗಸರಿಗೆ ಗೊತ್ತಿದ್ದ ಓದು ಒಂದೇ, ಶ್ರಾವಣದ ಪುರಾಣ. ಕೂತು ಕೇಳಿದ್ದು ಮುಗಿಯಿತೆಂದರೆ ಮಂಗಳ ಮಾಡಬೇಕು, ಓದಿದವರಿಗೆ ಮರ್ಯಾದೆ ಆಗಬೇಕು. ಮಕ್ಕಳ ಕತೆಗೆ ಅದೆಲ್ಲ ಬೇಡವೆಂದು ಅವರಿಗೆ ಯಾರು ಹೇಳಬೇಕು? ಮರುದಿನ ನೀಲವ್ವ ತೆಂಗಿನಕಾಯಿ, ಕುಪ್ಪಸದ ಖಣ, ಉತ್ತತ್ತಿ, ಎಲೆ ಅಡಿಕೆ ತಂದಳು. ಬಸಮ್ಮ ತಟ್ಟೆ ತುಂಬ ಅಕ್ಕಿ ತಂದಳು. ನಾನು ನಗು ತಡೆದುಕೊಂಡು ಓದತೊಡಗಿದೆ, ಸ್ವಲ್ಪ ಹೊತ್ತಿಗೆ ನಗು ಎಲ್ಲಿಯೋ ಹೋಯಿತು. ಚಂಪಾಳಿಗೆ ಅಪ್ಪನ ದನಿ ಸಿಗುತ್ತದೆ. ಅದು ಅವಳ ಹೆಸರನ್ನು ಒಂದು ಸಲ ಕರೆಯುತ್ತದೆ. ನೀರಿನ ಮೇಲೆ ತಂದರೆ ಅದು ಒಡೆದು ಹೋಗುತ್ತದೆ ಎಂದು ಬಾತು ಹೇಳುತ್ತದೆ. ಅವಳು ಅದನ್ನು ಅಲ್ಲಿಯೇ ಬಿಟ್ಟು, ಹಗ್ಗ ಹಿಡಿದು ಒಬ್ಬಳೇ ಮೇಲೆ ಬರುತ್ತಾಳೆ. ಅಷ್ಟೇ, ಮುಗಿಯಿತು.

ಮೊದಲು ಸಿಡಿದವಳು ನೀಲವ್ವ. “ಇದೇನಬೇ ಇದು! ಅಷ್ಟು ದೂರ ಹೋಗಿ ಬರಿಗೈಲೆ ಬಂದ್ಲಂದ್ರ ಯಾಕ ಹೋಗಬೇಕಿತ್ತು? ಸಣ್ಣ ಹುಡುಗೂರಿಗೆ ಹಿಂಗ ಬರೀತಾರೇನು?” ಬಸಮ್ಮನ ಕೆನ್ನೆ ತೊಯ್ದಿತ್ತು. “ಬರಿಗೈಲೆ ಅಲ್ಲಕ್ಕಾ” ಅಂದಳು, “ಒಂದ ಸಲ ಕೇಳಿ ಬಂದ್ಲಲ್ಲ. ನನಗ ಅಷ್ಟ ಸಿಕ್ಕಿದ್ರ ಸಾಕಾಗಿತ್ತು.” ನೀಲವ್ವ ಸೋಲಲಿಲ್ಲ, ಬಸಮ್ಮನೂ ಬಿಡಲಿಲ್ಲ, ಇಬ್ಬರೂ ಜಗಳಕ್ಕೇ ಬಿದ್ದರು. ಅಷ್ಟರಲ್ಲಿ ಅತ್ತೆ ಎದ್ದು ಬಂದು ನನ್ನ ತೊಡೆಯ ಮೇಲಿನ ನೋಟ್‌ಬುಕ್ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಬಚ್ಚಲಮನೆಯ ಕಡೆ ನಡೆದಳು. ಅಲ್ಲಿ ನೀರಿನ ಒಲೆ ಉರಿಯುತ್ತಿತ್ತು. ನಾನು ತಡೆಯಲೆಂದು ಎದ್ದೆ. ಇತ್ತ ನೀಲವ್ವ ಸಿಟ್ಟು ನುಂಗಿಕೊಂಡು, “ಇರ್ಲಿ, ಓದಿದಾಕಿಗೆ ಉಡಿ ತುಂಬೂನು. ಬಾ ಸುಮೀ” ಎಂದು ಅಕ್ಕಿಯ ತಟ್ಟೆ ಎಳೆದುಕೊಂಡಳು.

“ತಡೀರಿ” ಅಂದಳು ಅಮ್ಮ. “ಓದಿದಾಕಿಗಲ್ಲ, ಬರದಾಕಿಗೆ ತುಂಬ್ರಿ. ಗಿರಿಜಾ, ಬಾ ಇಲ್ಲೆ.”

ಅತ್ತೆ ನಡುಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ಗಂಡ ಸತ್ತವಳ ಉಡಿ ತುಂಬುವುದು ನಮ್ಮ ಓಣಿಯಲ್ಲಿ ಯಾರೂ ಕಂಡದ್ದಲ್ಲ, ಕೇಳಿದ್ದಲ್ಲ. ನೀಲವ್ವ “ಯವ್ವಾ, ಗಿರಿಜವ್ವಗ…” ಎಂದು ಅರ್ಧಕ್ಕೇ ನಿಲ್ಲಿಸಿದಳು. “ಹೂಂ, ಗೊತ್ತೈತಿ ನನಗ” ಎಂದಳು ಅಮ್ಮ. “ನಿನ್ನಿ ನಾವು ಅಂದದ್ದು ಇವತ್ತ ಪುಸ್ತಕದಾಗ ಬಂದ್ರ ಬರದಾಕಿ ಈ ಪಡಸಾಲ್ಯಾಗ ಇರಬೇಕಲ್ಲ? ನನಗ ಅಕ್ಷರ ಬರೂದಿಲ್ಲ, ಕುರುಡಿ ಅಲ್ಲ ನಾ. ಬರದಾಕಿ ನನ್ನ ಮಗಳು. ತುಂಬವ್ರು ಇದ್ರ ತುಂಬ್ರಿ, ಇಲ್ಲಂದ್ರ ನಿಮ್ಮ ಕಾಯಿ ತಿರಗಿ ತಗೊಂಡು ಹೋಗ್ರಿ.” ಆಮೇಲೆ ನೀಲವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಕುಂಕುಮ ಹಚ್ಚುವಷ್ಟು ಧೈರ್ಯ ಅವಳಿಗೂ ಬರಲಿಲ್ಲ. ಗೋಡೆಯ ಗೂಡಿನಲ್ಲಿದ್ದ ವಿಭೂತಿಯನ್ನು ಅತ್ತೆಯ ಹಣೆಗೆ ಹಚ್ಚಿದಳು. “ಸೆರಗ ಹಿಡಿ” ಅಂದಳು. ಐದು ಬೊಗಸೆ ಅಕ್ಕಿ, ಕಾಯಿ, ಖಣ ಎಲ್ಲ ಸೆರಗಿಗೆ ಹಾಕಿದ ಮೇಲೆ, “ಉಡಿ ತುಂಬಿದ್ದಕ್ಕ ನಾ ಆಗಳೆ ಅಂದದ್ದೇನು ಸುಳ್ಳಾಗೂದಿಲ್ಲ ಮತ್ತ. ಆ ಹುಡಿಗಿ ಬರಿಗೈಲೆ ಬಂದದ್ದು ನನಗ ಸೇರಿಲ್ಲ” ಎಂದಳು. ಅತ್ತೆ ನಕ್ಕಳು. ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಒಲೆಗೆ ಹೊರಟಿದ್ದ ನೋಟ್‌ಬುಕ್ಕು ಈಗ ಅವಳ ಸೆರಗಿನ ಅಕ್ಕಿಯ ಮೇಲೆ ಇತ್ತು.

ಮಳೆಗಾಲ ಕಳೆದ ಮೇಲೆ ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ‘ದನಿಗಳ ಬಾವಿ’ ಅಚ್ಚಾಯಿತು. ಮೊದಲ ಪುಟದಲ್ಲಿ ‘ಶೇಂಗಾ ಒಡೆದವರಿಗೆ’ ಎಂದಿತ್ತು. ಕಡೆಯ ಅಧ್ಯಾಯದ ಒಂದಕ್ಷರವನ್ನೂ ಅತ್ತೆ ಬದಲಿಸಲಿಲ್ಲ. ಅದಕ್ಕೆ ನೀಲವ್ವ ಸಾಯುವತನಕ ಅವಳನ್ನು ಬೈದಳು, ತನ್ನ ಮೊಮ್ಮಕ್ಕಳಿಗೆಲ್ಲ ಅದನ್ನೇ ಓದಿಸಿದಳು ಕೂಡ. ಆ ಪಡಸಾಲೆಯಲ್ಲಿ ಕೂತವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಪುಸ್ತಕ ಮತ್ತೆ ಅಚ್ಚಾಗಿದೆ. ಫೋನಿನಲ್ಲಿ ಯಾರ್‍ಯಾರೋ ಅದರ ಬಗ್ಗೆ ಬರೆಯುತ್ತಾರೆ. ತಮ್ಮ ಮಗಳು ಮೂರು ಸಲ ಓದಿದಳು ಎಂದು ಒಬ್ಬರು, ಮಕ್ಕಳಿಗೆ ಇಷ್ಟು ದುಃಖ ಯಾಕೆ ಎಂದು ಇನ್ನೊಬ್ಬರು, ಬಾತು ಇಲ್ಲದಿದ್ದರೆ ಸಪ್ಪೆ ಎಂದು ಮತ್ತೊಬ್ಬರು. ಮೆಚ್ಚಿದವರಿಗೂ ಬೈದವರಿಗೂ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಓದಿದರಲ್ಲ, ಅಷ್ಟೇ ಸಾಕು. ಓದಲು ನನಗೆ ಹೇಳಿದಳಲ್ಲ ಎಂದು ಅತ್ತೆಗೂ ಮುಗಿಯುತ್ತೇನೆ.

ಮೊನ್ನೆ ಯಳವತ್ತಿಯ ಶಾಲೆಯವರು ಆ ಪುಸ್ತಕದ ಬಗ್ಗೆ ನಾಲ್ಕು ಮಾತಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತು, ಟೀಚರ್ ಕಣ್ಣು ಬಿಟ್ಟರೂ ಲೆಕ್ಕಿಸದೆ, “ನನಗ ಇದು ಸೇರಲಿಲ್ರಿ ಮೇಡಂ. ಆ ಬಾವ್ಯಾಗಿನ ಊರಾಗ ಕಲಿಯೂ ಶಾಲಿನ ಇಲ್ರಿ. ಸಣ್ಣ ಹುಡುಗೂರ ದನಿ ಎಲ್ಲಿಗಿ ಹೋಗ್ಬೇಕ್ರಿ?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ತಕರಾರು! ಬಸ್ಸಿಳಿದು ಬಾಗಿಲ ಕೀಲಿ ತೆಗೆಯುವತನಕ ನನ್ನ ಕಾಲು ನೆಲದ ಮೇಲಿರಲಿಲ್ಲ. ಚಪ್ಪಲಿ ಬಿಡುತ್ತಲೇ, “ಅತ್ತೀ, ಇವತ್ತ ಒಬ್ಬಾಕಿ ಎಂಥಾ ತಪ್ಪ ಹಿಡದ್ಲು ಕೇಳಿಲ್ಲೆ” ಎಂದು ಕೂಗಿಬಿಟ್ಟೆ. ಗೋಂದಿನ ಬಾಟಲಿ ಹುಡುಕಿಕೊಂಡು ಯಾರೂ ಏಳಲಿಲ್ಲ.