ಕಟ್ಟಕ್ಕೆ ಬಂದ ಸನ್ಮಾನಿತರು

ಅಪ್ಪ ಅಮ್ಮನನ್ನು ನೋಡಿಯೇ ಮಕ್ಕಳು ಸೇವೆ ಕಲಿತರು ಎಂದು ಬೆಳ್ಮಣ್ಣಿನಲ್ಲಿ ನಮ್ಮ ಮನೆಯ ಬಗ್ಗೆ ಜನ ಹೇಳುವುದುಂಟು. ಕಲಿತದ್ದು ಹೌದು. ಆದರೆ ನಾನು ಕಲಿತದ್ದು ಹಲ್ಲು ಕಚ್ಚಿಕೊಂಡು.

ಕಾರಣ, ತೋಡಿನ, ಅಂದರೆ ನಮ್ಮ ಊರ ಸಣ್ಣ ಹಳ್ಳದ, ಬದಿಯ ಮನೆಯ ಯಜಮಾನರು. ನಾನು ಐದನೇ ಕ್ಲಾಸಿನಲ್ಲಿದ್ದ ಬೇಸಿಗೆಯಲ್ಲಿ ನಮ್ಮ ಬಾವಿಯ ತಳ ಕಂಡಿತ್ತು. ತಮ್ಮನಿಗೆ ವಾಂತಿಭೇದಿ. ಅವನ ಬಟ್ಟೆ ತೊಳೆಯಲಿಕ್ಕೂ ನೀರಿಲ್ಲದೆ ಅಮ್ಮ ಕೊಡಪಾನ ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಅಂಗಳಕ್ಕೆ ಹೋದಳು. "ನಮ್ಮ ಬಾವಿಯಲ್ಲಿಯೂ ನೀರಿಲ್ಲ ಮಾರಾಯ್ತಿ," ಎಂದರು ಅವರು, ಜಗಲಿಯಿಂದ ಏಳದೆ. ಮನೆಯ ಪಕ್ಕದಲ್ಲೇ ಪೈಪಿನಿಂದ ಅವರ ಮಲ್ಲಿಗೆ ಗಿಡಗಳಿಗೆ ನೀರು ಹರಿಯುತ್ತಿತ್ತು. ಅಮ್ಮ ಗಿಡಗಳನ್ನು ನೋಡಿದಳು, ಅವರನ್ನು ನೋಡಿದಳು, ತಿರುಗಿ ನಡೆದಳು. ಅಪ್ಪ ಪೇಟೆಯಿಂದ ಕ್ಯಾನಿನಲ್ಲಿ ನೀರು ತುಂಬಿಸಿ ಬಸ್ಸಿನಲ್ಲಿ ತಂದ. ನೀರಿತ್ತು ಎಂದು ಆ ಮನುಷ್ಯನ ಬಾಯಿಯಿಂದಲೇ, ನಾಲ್ಕು ಜನರ ಎದುರು, ಒಂದು ದಿನ ಹೇಳಿಸದಿದ್ದರೆ ನಾನು ನಾನಲ್ಲ ಎಂದು ಅಂದೇ ಹಟ ತೊಟ್ಟೆ.

ಆ ವರ್ಷ ಮಳೆ ನಿಂತು ತೋಡಿನ ಹರಿವು ಇಳಿದ ಕೂಡಲೇ ಅಪ್ಪ ಅಮ್ಮ ಇಬ್ಬರೇ ತೋಡಿಗಿಳಿದು ಅಡ್ಡಲಾಗಿ ಕಟ್ಟ ಹಾಕತೊಡಗಿದರು. ಮರಳಿನ ಚೀಲಗಳ ಎರಡು ಸಾಲು, ನಡುವೆ ತುಳಿದು ಹದ ಮಾಡಿದ ಮಣ್ಣು. ನೀರು ನಿಂತರೆ ಸುತ್ತಲಿನ ಬಾವಿಗಳಿಗೆ ಒರತೆ ಬರುತ್ತದೆ. ಅಮ್ಮ ಕಾಪುವಿನ ಮೀನುಗಾರರ ಮನೆಯವಳು. "ನಮ್ಮಲ್ಲಿ ದಡದಿಂದ ಬಲೆ ಎಳೆಯುವಾಗ ಯಾರನ್ನೂ ಕರೆಯಲಿಕ್ಕಿಲ್ಲ. ಹಗ್ಗ ಕಂಡವರು ಕೈ ಹಾಕ್ತಾರೆ," ಎಂದು ಹೇಳಿ ನನ್ನ ಕೈಗೂ ತಮ್ಮನ ಕೈಗೂ ಬುಟ್ಟಿ ಕೊಟ್ಟಳು. ಮಳೆಗೆ ಕಟ್ಟ ಕೊಚ್ಚಿಹೋಗುತ್ತದೆ; ಮರುವರ್ಷ ಮತ್ತೆ ಹಾಕುವಾಗ ಅಕ್ಕಪಕ್ಕದವರೂ ಬಂದರು. ಬಾರದವರು ಒಬ್ಬರೇ.

ಆದರೆ ಮೊದಲು ತುಂಬುವುದು ಅವರದೇ ಬಾವಿ! ಕಟ್ಟದ ನೀರು ನಿಲ್ಲುವುದು ಅವರ ಹಿತ್ತಲಿನ ಬುಡದಲ್ಲಿ. ಅದು ಗೊತ್ತಾದ ದಿನ ನಾನು ಬುಟ್ಟಿ ಎಸೆದು ಕೂಗಾಡಿದೆ. "ತೋಡು ಕಿರಿದಾಗುವುದು ಇಲ್ಲಿಯೇ. ಬೇರೆ ಕಡೆ ಹಾಕಿದರೆ ನಿಲ್ಲುವುದಿಲ್ಲ. ಬುಟ್ಟಿ ತೆಗೊ," ಎಂದ ಅಪ್ಪ. ತೆಗೆದುಕೊಂಡೆ. ಪ್ರತಿ ವರ್ಷವೂ ತೆಗೆದುಕೊಂಡೆ, ಪ್ರತಿ ಬುಟ್ಟಿಗೂ ಆ ಮನುಷ್ಯನಿಗೆ ಶಾಪ ಹಾಕಿದೆ.

ನಾನು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾದ ಮೇಲೆ ಒಂದು ಮಧ್ಯಾಹ್ನ ಊಟ ಮಾಡುತ್ತಾ ಫೋನು ನೋಡಿದರೆ, ಊರಿನ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ. ಕಾರ್ಕಳದ ಒಂದು ಸಭೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ಹಿತ್ತಲಲ್ಲಿ ಕಟ್ಟ ಕಟ್ಟಿ ಊರಿಗೆ ನೀರು ಕೊಟ್ಟ ಜಲಸೇವಕರಂತೆ! ಪಿತ್ತ ನೆತ್ತಿಗೇರಿತು. ಅನ್ನ ಬಿಟ್ಟು ಎದ್ದೆ.

ಶನಿವಾರ ಮನೆಗೆ ಹೋದಾಗ ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದಳು. "ಒಳ್ಳೆಯದೇ ಆಯಿತು," ಎಂದಳು. ಕೈ ತೊಳೆದು ಬಂದು ಅದೇ ಗುಂಪಿಗೆ ಧ್ವನಿ ಸಂದೇಶ ಕಳಿಸಿದಳು: "ಈ ಸಲ ಕಟ್ಟಕ್ಕೆ ನಮ್ಮ ಸನ್ಮಾನಿತರೇ ಮುಂದೆ ನಿಲ್ತಾರೆ. ನಿಟ್ಟೆಯ ಕಾಲೇಜು ಹಾಸ್ಟೆಲಿನ ಮಕ್ಕಳೂ ಬರ್ತಾರೆ. ಎಲ್ಲರೂ ಬನ್ನಿ."

ತಪ್ಪಿಸಿಕೊಳ್ಳುವುದು ಹೇಗೆ? ಕಟ್ಟದ ದಿನ ಬಂದರು, ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು. ಅಮ್ಮ ಮಣ್ಣಿನ ಬುಟ್ಟಿ ನೀಡಿ, "ನೀವು ಕಟ್ಟಿದ ಕಟ್ಟ ಅಲ್ವಾ, ಮೊದಲ ಬುಟ್ಟಿ ನಿಮ್ಮದೇ ಆಗಬೇಕು," ಎಂದಳು. ಹಾಸ್ಟೆಲಿನ ಹುಡುಗಿಯೊಬ್ಬಳು ವಿಡಿಯೋ ಮಾಡುತ್ತಿದ್ದಳು. ಅವರು ಬುಟ್ಟಿ ಹೊತ್ತು ನೀರಿಗಿಳಿದರು. ಮಧ್ಯಾಹ್ನದ ಹೊತ್ತಿಗೆ ಮುಂಡಿಗೆ ಕೆಸರಿನದೇ ಬಣ್ಣ. ಸೊಂಟ ನೆಟ್ಟಗೆ ಮಾಡಿದಾಗಲೆಲ್ಲ ನಾನು, "ಸರ್, ಇಲ್ಲೊಂದು ಚೀಲ ಉಂಟು!" ಎಂದು ಕೂಗುತ್ತಿದ್ದೆ. ಆಹಾ, ಆ ಸುಖವನ್ನು ನಾನು ಯಾವ ಹಬ್ಬದಲ್ಲಿಯೂ ಉಂಡಿಲ್ಲ.

ಗಂಜಿಗೆ ಎಲ್ಲರೂ ಕುಳಿತಾಗ ಎದ್ದು ನಿಂತೆ. "ಮಕ್ಕಳೇ, ಈ ಕಟ್ಟ ಶುರುವಾದದ್ದು ಯಾಕೆ ಗೊತ್ತುಂಟಾ? ಇವರನ್ನೇ ಕೇಳಿ." ಅವರ ಕೈ ಬಟ್ಟಲಿನಲ್ಲೇ ನಿಂತಿತು. ಇಷ್ಟು ವರ್ಷ ಕಾದ ಗಳಿಗೆ. ಅಷ್ಟರಲ್ಲಿ ಅಮ್ಮ, "ನೀನೆಂತ, ಭಾಷಣಕ್ಕೆ ಬಂದದ್ದಾ? ಹದ ಮಾಡಿದ ಮಣ್ಣು ಒಣಗ್ತಾ ಉಂಟು. ಏಳಿ ಮಕ್ಕಳೇ," ಎಂದುಬಿಟ್ಟಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಸಂಜೆ ಹಾಸ್ಟೆಲಿನ ಮಕ್ಕಳು ಬಸ್ಸಿಗೆ ಹೋದರು. ನಾವು ಹಾರೆ ತೊಳೆಯುತ್ತಿದ್ದೆವು. ಅವರು ಬಂದು ಅಮ್ಮನ ಎದುರು ನಿಂತರು. "ಆ ವರ್ಷ... ನಮ್ಮ ಬಾವಿಯಲ್ಲಿ ನೀರು ಇತ್ತು," ಎಂದರು.

ಅಮ್ಮ ಅಳುತ್ತಾಳೆ, ಹೋಗಲಿ ಬಿಡಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾರೆಯಿಂದ ತಲೆ ಎತ್ತಲಿಲ್ಲ.

"ಗೊತ್ತುಂಟು," ಎಂದಳು. "ಅರ್ಧ ಕಟ್ಟ ಬಾಕಿ ಉಂಟು. ನಾಳೆ ಬೆಳಿಗ್ಗೆ ಬನ್ನಿ. ಮಗನನ್ನೂ ಕರ್ಕೊಂಡು ಬನ್ನಿ, ಅವನೂ ನೋಡಲಿ."

ಮರುದಿನ ನಾವು ತಲುಪುವಾಗ ಅವರೂ ಅವರ ಮಗನೂ ಕೆಸರಿನಲ್ಲಿ ನಿಂತಿದ್ದರು. ಮುದುಕರ ಕಾಲು ನಡುಗುತ್ತಿತ್ತು. ಮಗ ಅದನ್ನೇ ನೋಡುತ್ತಿದ್ದ, ನಾನೂ ನೋಡಿದೆ. ಎಲ್ಲಕ್ಕಿಂತ ಭಾರದ ಚೀಲವನ್ನು ಹುಡುಕಿ ಮುದುಕರ ಹೆಗಲಿಗೆ ಎತ್ತಿದೆ. ಮಗ ಅಡ್ಡ ಬಂದು ತನ್ನ ಹೆಗಲು ಕೊಟ್ಟ. ಚೀಲವನ್ನು ಅವನಿಗೇ ಕೊಟ್ಟೆ, ಅದರ ಮೇಲೆ ಇನ್ನೊಂದನ್ನೂ ಇಟ್ಟೆ.